ಗೋಡೆಗೆ ತಿರುಗಿದ ಹಿಡಿಕೆ

ಫೆಬ್ರವರಿ 4

ಗುಬ್ಬಿ,

ಯಜಮಾನ ಏನೇನು ಕೊಡುತ್ತೇನೆಂದ, ಏನೇನು ಕೊಡಲಿಲ್ಲ, ಮೊದಲು ಅದನ್ನು ಬರೆಯುತ್ತೇನೆ. ಕ್ಷೇಮ ಸಮಾಚಾರ ಆಮೇಲೆ.

ಹೋಟೆಲಿನ ಹೊಸ ಬ್ರಾಂಚ್ ತೆರೆದರೆ ಎಲ್ಲರಿಗಿಂತ ಹಳೆಯ ಸಪ್ಲೈಯರ್‌ಗೆ ಅಲ್ಲಿಯ ಸೂಪರ್‌ವೈಸರ್ ಕೆಲಸ ಎಂದ. ಎಲ್ಲರಿಗಿಂತ ಹಳಬಳು ನಾನು. ಕೊಟ್ಟದ್ದು ನಿನಗೆ. ನಿಂತು ನಿಂತು ಮೊಣಕಾಲ ಕೆಳಗಿನ ನರಗಳೆಲ್ಲ ಹಗ್ಗದಂತೆ ಎದ್ದಿರುವ ನಮಗೆ ಹಾಲ್‌ನ ಮೂಲೆಯಲ್ಲಿ ಒಂದು ಬೆಂಚು ಹಾಕಿಸುತ್ತೇನೆ ಎಂದ. ಆ ಮೂಲೆಗೆ ಬಂದದ್ದು ಹೂವಿನ ಕುಂಡ. ಗಿರಾಕಿ ಮೈಮೇಲೆ ಕೈ ಹಾಕಿದರೆ ಗಿರಾಕಿಯನ್ನೇ ಆಚೆಗೆ ಕಳಿಸುತ್ತೇನೆ ಎಂದ. ಆಚೆಗೆ ಹೋದದ್ದು ದೂರು ಹೇಳಿದವಳು. ಕೂತು ಉಣ್ಣಲು ಬಿಡುವು ಎಂದ. ಇವತ್ತಿಗೂ ನಾವು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಂತು ನುಂಗುತ್ತೇವೆ. ದನವಾದರೂ ಮಲಗಿ ಮೆಲುಕು ಹಾಕುತ್ತದೆ.

ಇದೆಲ್ಲ ನಿನಗೆ ಗೊತ್ತಿಲ್ಲವೇ? ಗೊತ್ತು. ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡವಳು ನೀನು. ಅದಕ್ಕೇ ನಿನಗೆ ಬರೆಯುತ್ತಿರುವುದು. ನನ್ನ ಮೂಗಿಗೆ ಸವರಿದ ತುಪ್ಪ ನಿನ್ನ ಬಾಯಿಗೆ ಹೋಯಿತು.

ಫೋನಿನಲ್ಲಿ ಬೈದರೆ ನೀನು ಕಟ್ ಮಾಡುತ್ತೀಯ. ಹೋದ ವಾರ ಮಾಡಿದೆ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ. ಎರಡೂ ಬ್ರಾಂಚಿಗೆ ತರಕಾರಿ ಹಾಕುವ ವ್ಯಾನಿನ ಡ್ರೈವರಣ್ಣ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ನಿನ್ನ ವೈಭವವನ್ನು ನನಗೆ ವರದಿ ಮಾಡಿದವನೂ ಅವನೇ. "ನಿಮ್ಮ ಗುಬ್ಬಿ ಈಗ ಗುಬ್ಬಿ ಅಲ್ಲ ಅಕ್ಕಾ, ಗರುಡ! ಕೌಂಟರ್ ಹಿಂದೆ ಎತ್ತರದ ಕುರ್ಚಿ ಇದೆ. ಅದಕ್ಕೆ ಮೆತ್ತೆ ಬೇರೆ!" ಎಂದು ನಕ್ಕ. ನಾನೂ ನಕ್ಕೆ. ನಗುತ್ತಲೇ ಒಳಗೆ ಹೋಗಿ ಒಂದು ತಟ್ಟೆ ಒಡೆದೆ. ಕೈ ಜಾರಿತು ಎಂದೆ. ಅಡುಗೆಯಣ್ಣ ನಂಬಲಿಲ್ಲ. ಈ ಕೈಯಿಂದ ಒಂದು ಚಮಚ ಜಾರಿದ್ದನ್ನೂ ಅವನು ಕಂಡವನಲ್ಲ.

ನಮ್ಮಿಬ್ಬರಿಗೆ ಹೆಸರಿಟ್ಟವನು ಅವನೇ ಅಲ್ಲವೇ. ನನ್ನ ಗಂಟಲು ಕೇಳಿ ಗುಡುಗು ಎಂದ, ನಿನ್ನ ಕಾಲು ನೋಡಿ ಗುಬ್ಬಿ ಎಂದ. ಈಗ ನಾನು ಆರ್ಡರ್ ಕೂಗಿದಾಗಲೆಲ್ಲ ಹೇಳುತ್ತಾನೆ: "ಗುಡುಗಿದ್ದು ನೀನು, ಮಳೆ ಬಿದ್ದಿದ್ದು ಅವಳ ಹೊಲಕ್ಕೆ."

ನಾನು ಕ್ಷೇಮ. ಮೆತ್ತೆ ಯಾವ ಬಣ್ಣದ್ದು? ಅದನ್ನು ಮಾತ್ರ ಬರೆ.

ಇತಿ,
ಹಳಬಳು,
ಗುಡುಗು


ಫೆಬ್ರವರಿ 19

ಅಕ್ಕಾ,

ನಿನ್ನ ಕಾಗದ ಬಂದು ದಿನವಾಯಿತು. ಉತ್ತರ ಬರೆಯಬೇಕೆಂದು ಹಾಳೆ ಎತ್ತಿಕೊಂಡಾಗಲೆಲ್ಲ ನಿನ್ನ ಗಂಟಲು ಕೇಳಿಸಿ ಕೆಳಗಿಟ್ಟೆ.

ನಾನು ಕೇಳಿ ತೆಗೆದುಕೊಂಡ ಕೆಲಸವಲ್ಲ. ಯಜಮಾನರೇ ಕರೆದು ಕೊಟ್ಟರು. "ನೀನು ಮೆತ್ತಗೆ ಮಾತಾಡ್ತೀಯಮ್ಮ. ನಿನ್ನ ಗೆಳತಿ ಬಾಯಿ ತೆಗೆದ್ರೆ ಗಿರಾಕಿ ಕೈಲಿರೋ ತುತ್ತು ಬಿದ್ದುಹೋಗುತ್ತೆ" ಎಂದರು. ಬೇಡ ಎನ್ನಲು ನನಗೆ ನಿನ್ನಂಥ ಬಾಯಿ ಇಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಗಳು ದಿನಕ್ಕೊಂದು ಅಳತೆ ಬೆಳೆಯುತ್ತಿದ್ದಾಳೆ. ಎಷ್ಟು ಕಾಲ ಎಂದು ತಟ್ಟೆ ಹೊರುವುದು? ಇಬ್ಬರಲ್ಲಿ ಒಬ್ಬಳಾದರೂ ಮೇಲೆ ಬಂದೆನಲ್ಲ, ನೀನು ಸಂತೋಷಪಡುತ್ತೀಯ ಎಂದುಕೊಂಡಿದ್ದೆ.

ಇಲ್ಲಿ ನನ್ನ ಕೈಕೆಳಗೆ ನಾಲ್ವರು ಹೆಂಗಸರು. ಈ ಕೆಲಸಕ್ಕೆ ನಾಲ್ವರೂ ಹೊಸಬರು. ಒಬ್ಬಳು ಹೊಲಿಗೆ ಕಾರ್ಖಾನೆಯಿಂದ ಬಂದವಳು, ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಮೂರು ತಟ್ಟೆ ಒಂದೇ ಕೈಯಲ್ಲಿ ಎಂದರೆ ಅಳುತ್ತಾಳೆ. "ಮೊದಲು ನೋಡು, ಆಮೇಲೆ ನಡಿ, ಕೊನೆಗೆ ಮಾತಾಡು" ಎಂದು ನೀನು ನನಗೆ ಹೇಳಿದ್ದನ್ನೇ ಅವಳಿಗೆ ಹೇಳುತ್ತೇನೆ. ನಿನ್ನ ಹೆಸರು ಹೇಳದಿದ್ದರೂ ನಿನ್ನ ಮಾತೇ ಹೇಳುತ್ತೇನೆ.

ಅತ್ತೆಯವರ ಮೊಣಕಾಲು ಹೇಗಿದೆ?

ಮೆತ್ತೆ ಕೆಂಪು ಬಣ್ಣದ್ದು.

ನಿನ್ನ,
ಗುಬ್ಬಿ


ಫೆಬ್ರವರಿ 21

ಗುಬ್ಬಿ,

ಕೆಂಪಂತೆ! ಇರಲಿ.

ಮೇಲೆ ಬಂದೆ ಎಂದು ಬರೆದಿದ್ದೀಯ. ಹಾಗಾದರೆ ನಾನೆಲ್ಲಿದ್ದೇನೆ, ಕೆಳಗಾ? ನಾವು ನಿಂತಿದ್ದ ಹಾಲ್ ಏನು ಹಳ್ಳವೇ, ನೀನು ಹತ್ತಿ ಪಾರಾಗಲು? ಹತ್ತಿದ್ದೇ ನಿಜವಾದರೆ ಏಣಿ ಯಾವುದು ಎಂದೂ ಬರೆ. ನನ್ನ ಬೆನ್ನಿನ ಮೇಲೆ ಎರಡು ಹೆಜ್ಜೆ ಗುರುತು ಕಾಣುತ್ತಿವೆ.

ನಿನ್ನೆ ಮಧ್ಯಾಹ್ನ ಕಿಟಕಿ ಪಕ್ಕದ ಟೇಬಲ್‌ಗೆ ಗಂಡ ಹೆಂಡತಿ ಬಂದು ಕೂತರು. ಜಗಳವನ್ನು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅವನ ಮುಖ ಒಂದು ದಿಕ್ಕು, ಅವಳ ಮುಖ ಇನ್ನೊಂದು. ನಾನು ಎರಡು ಬಟ್ಟಲು ಸೂಪು ತರುವ ಬದಲು ಒಂದೇ ದೊಡ್ಡ ಬಟ್ಟಲಲ್ಲಿ ತಂದು ನಡುವೆ ಇಟ್ಟೆ. ಸೌಟಿನ ಹಿಡಿ ಅವನ ಕಡೆ ತಿರುಗಿಸಿದೆ, ಖಾಲಿ ಬಟ್ಟಲುಗಳನ್ನು ಅವಳ ಕಡೆ ಇಟ್ಟೆ. ಇಟ್ಟು ಮಾಯವಾದೆ. ಬೇರೆ ದಾರಿ ಇಲ್ಲದೆ ಅವನು ಕೈ ಚಾಚಿದ, ಅವಳು ಬಟ್ಟಲು ಕೊಟ್ಟಳು, ಅವನು ಬಡಿಸಿದ. ಎದ್ದು ಹೋಗುವಾಗ ಅವಳ ಚೀಲ ಅವನ ಹೆಗಲ ಮೇಲಿತ್ತು. ಇದನ್ನು ಯಾವ ಕುರ್ಚಿಯಲ್ಲಿ ಕೂತು ಮಾಡುತ್ತೀಯ? ವಕೀಲ ಮಾಡಿದ್ದರೆ ಫೀಸು ಕೇಳುತ್ತಿದ್ದ. ನಾವು ಮಾಡಿದರೆ, "ಏಯ್, ನೀರು ಯಾರು ತರ್ತಾರೆ?"

ಯಜಮಾನ ಇದಕ್ಕೆ ಸೇವೆ ಎನ್ನುತ್ತಾನೆ. ಸೇವೆ ಎಂದರೆ ಕೂಲಿ ಕೇಳದೆ ಮಾಡುವುದು, ಕೈ ಮುಗಿದು ಮಾಡುವುದು. ಇದು ಸೇವೆಯಲ್ಲ, ಕೆಲಸ. ಗಾರೆಯವನು ಗೋಡೆ ಎಬ್ಬಿಸುವ ಹಾಗೆ ನಾವು ಒಂದು ಮಧ್ಯಾಹ್ನವನ್ನು ಎಬ್ಬಿಸಿ ನಿಲ್ಲಿಸುತ್ತೇವೆ. ಕೆಲಸ ಎಂದು ಕರೆದರೆ ಬೆಲೆ ಕೇಳುತ್ತಾರೆ ಎಂಬ ಭಯಕ್ಕೆ ಅವನು ಸೇವೆ ಎನ್ನುತ್ತಾನೆ. ನೀನೂ ಈಗ ಹಾಗೇ ಅನ್ನುತ್ತೀಯೇನೋ.

ನನ್ನ ಹೊಟ್ಟೆ ಉರಿಯುವುದಕ್ಕೆ ಕುರ್ಚಿಯೊಂದೇ ಕಾರಣವಲ್ಲ. ಗಡಿಯಾರ ರಿಪೇರಿ ಮಾಡುವ ತಾತ ಇದ್ದಾರಲ್ಲ, ಅವರು ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಸಣ್ಣಮ್ಮ ಎಲ್ಲಿ?" ದಿನವೂ ಹೇಳುತ್ತೇನೆ, ದಿನವೂ ಮರೆಯುತ್ತಾರೆ. ನೀನು ಮಾಡುತ್ತಿದ್ದ ಹಾಗೇ ಚಹಾಕ್ಕೆ ಸಕ್ಕರೆ ಬೇರೆ ತಂದೆ, ಹಲ್ಲಿಗೆ ಸಿಗುವುದಿಲ್ಲವೆಂದು ಬ್ರೆಡ್ಡಿನ ಅಂಚು ಕತ್ತರಿಸಿ ತಂದೆ. ತಟ್ಟೆ ನೋಡಿ ಏನಂದರು ಗೊತ್ತೇ? "ಸಣ್ಣಮ್ಮನೂ ಹೀಗೇ ಮಾಡ್ತಿದ್ಲು." ಸತ್ತ ಸವತಿಯ ಫೋಟೋ ಎದುರು ಸಂಸಾರ ಮಾಡಿದ ಹಾಗಾಗಿದೆ ನನ್ನ ಪಾಡು.

ನಿನ್ನ ಜಾಗಕ್ಕೆ ಬಂದವಳು ಕೆಟ್ಟವಳಲ್ಲ. ಆದರೆ ನಮ್ಮ ಗುರುತುಗಳನ್ನು ಅವಳಿಗೆ ಕಲಿಸಿಲ್ಲ, ಕಲಿಸುವುದೂ ಇಲ್ಲ. ಚಮಚದ ಡಬ್ಬದಲ್ಲಿ ಒಂದೇ ಚಮಚ ತಲೆಕೆಳಗಾಗಿ ನಿಂತಿದ್ದರೆ ಈ ಗಿರಾಕಿಯ ಕೈ ನೆಟ್ಟಗಿಲ್ಲ, ಒಬ್ಬಳೇ ಹೋಗಬೇಡ ಎಂದು ಅರ್ಥ. ಗೋಡೆ ಪಕ್ಕದ ಮೇಜಿನ ಮೇಲಿನ ನೀರಿನ ಜಗ್‌ನ ಹಿಡಿಕೆ ಅಡುಗೆಮನೆಯ ಕಡೆ ತಿರುಗಿದ್ದರೆ ಒಳಗೆ ತಡವಾಗುತ್ತಿದೆ, ಹೋಗಿ ಸಮಾಧಾನ ಹೇಳು ಎಂದು. ಹಿಡಿಕೆ ಗೋಡೆಯ ಕಡೆ ತಿರುಗಿದ್ದರೆ ನಿನ್ನ ಟೇಬಲ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಸ್ವಲ್ಪ ಹೊತ್ತು ಕೂತುಕೋ ಎಂದು. ಉಗ್ರಾಣದ ಹಿಂದಿನ ಆ ಎಣ್ಣೆ ಡಬ್ಬ ಇನ್ನೂ ಅಲ್ಲೇ ಇದೆ. ನೀನು ಹೋದ ಮೇಲೆ ನಾನು ಅದರ ಮೇಲೆ ಕೂತಿಲ್ಲ. ಹಿಡಿಕೆ ತಿರುಗಿಸುವವರು ಯಾರು?

ಮೂರೂ ಗುರುತು ಹುಟ್ಟಿಸಿದವಳು ನಾನು. ಕುರ್ಚಿ ನಿನ್ನದಾಗಲಿ, ಅದು ನನ್ನದು.

ಅತ್ತೆಯ ಮೊಣಕಾಲು ಚೆನ್ನಾಗಿದೆ. ನಾಲಿಗೆ ಇನ್ನೂ ಚೆನ್ನಾಗಿದೆ. "ಊರಿಗೆಲ್ಲ ಓಡಾಡಿ ಬಡಿಸ್ತೀಯ, ನನಗೊಂದು ಲೋಟ ನೀರು ಕೊಡೋಕೆ ನಿನ್ನ ಕಾಲಿಗೆ ಜ್ವರ ಬರುತ್ತೆ" ಎನ್ನುತ್ತಾರೆ.

ಕೆಳಗಿನಿಂದ,
ಗುಡುಗು


ಮಾರ್ಚ್ 30

ನೀನು ಉತ್ತರ ಬರೆಯಲಿಲ್ಲ. ಡ್ರೈವರಣ್ಣ ಪ್ರತಿ ಸಲ ಖಾಲಿ ಕೈ ತೋರಿಸಿದ. ಇವತ್ತು ಉತ್ತರ ಬಂತು, ಯಜಮಾನನ ಬಾಯಿಂದ.

ಬೆಳಿಗ್ಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. "ಹೊಸ ಬ್ರಾಂಚಿನ ಮೇಡಂ ಒಂದು ಒಳ್ಳೆ ಉಪಾಯ ಮಾಡಿದಾರೆ, ಕಲ್ತುಕೊಳ್ಳಿ" ಎಂದ. ಜಗ್ ಎತ್ತಿಕೊಂಡು ನನ್ನ ಮುಖದ ಮುಂದೆಯೇ ತಿರುಗಿಸಿ ತೋರಿಸಿದ: "ಹಿಡಿಕೆ ಅಡುಗೆಮನೆ ಕಡೆ ಇದ್ರೆ ಆರ್ಡರ್ ತಡ. ಹೋಗಿ ಗಿರಾಕಿನ ನಗಿಸ್ತಾ ಇರಬೇಕು. ಚಮಚ ತಲೆಕೆಳಗಾಗಿ ನಿಂತಿದ್ರೆ ದೊಡ್ಡ ಗಿರಾಕಿ ಬಂದಿದಾರೆ ಅಂತ. ಇಬ್ಬಿಬ್ಬರು ಹೋಗಿ ಉಪಚಾರ ಮಾಡ್ಬೇಕು. ತಿಳೀತಾ?" ಉಳಿದವರೆಲ್ಲ ತಲೆಯಾಡಿಸಿದರು. ನನ್ನನ್ನೇ ನೋಡಿ, "ನಿನಗೇ ಕೇಳ್ತಿರೋದು, ತಿಳೀತಾ?" ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ನನಗೇ ತೋರಿಸಿ ಇದನ್ನು ಅಮ್ಮ ಎಂದು ಕರೆ ಎಂದ ಹಾಗಾಯಿತು.

ತಿಳಿಯಿತು ಎಂದೆ. ಏನು ತಿಳಿಯಿತು ಗೊತ್ತೇ? ಕೈ ಸರಿಯಿಲ್ಲದವನನ್ನು ನೀನು ದೊಡ್ಡ ಗಿರಾಕಿ ಮಾಡಿದೆ. ಮೈ ಕಾಯಲು ನಾನು ಕಟ್ಟಿದ ಬೇಲಿಯನ್ನು ನೀನು ತೋರಣ ಮಾಡಿ ಯಜಮಾನನ ಬಾಗಿಲಿಗೆ ಕಟ್ಟಿದೆ. ಅದರ ಮೇಲೆ ಮೇಡಂ! ನಾನು ಇಲ್ಲಿ ಏಯ್, ನೀನು ಅಲ್ಲಿ ಮೇಡಂ.

ಮೂರನೆಯದನ್ನು ಅವನು ಹೇಳಲಿಲ್ಲ. ಅದನ್ನು ಯಾವಾಗ ಮಾರುತ್ತೀಯ?

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಇಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಈ ಕಿಚ್ಚಿನಲ್ಲಿ ಅಡುಗೆಯಣ್ಣ ಇಡೀ ಹಾಲ್‌ಗೆ ಅಡುಗೆ ಮಾಡಬಹುದು.

ಗುಡುಗು


ಏಪ್ರಿಲ್ 6

ಅಕ್ಕಾ,

ಈ ಕಾಗದವನ್ನು ಓದಿದ ಮೇಲೆ ಹರಿದುಹಾಕು. ಹರಿಯುವ ಮುಂಚೆ ಪೂರ್ತಿ ಓದು.

ಟೈಲರಮ್ಮನ ಸೊಂಟಕ್ಕೆ ಒಬ್ಬ ಗಿರಾಕಿ ಕೈ ಹಾಕಿದ. ಅವಳು ತಟ್ಟೆಗಳನ್ನು ಬಿಡದೆ ನಿಂತಳು, ಬಿಟ್ಟರೆ ಸಂಬಳದಲ್ಲಿ ಹಿಡಿಯುತ್ತಾರೆಂದು. ಅವತ್ತೇ ನಾಲ್ವರಿಗೂ ಚಮಚದ ಗುರುತು ಹೇಳಿಕೊಟ್ಟೆ. ಒಬ್ಬ ಗಿರಾಕಿಯ ಬಳಿ ಇಬ್ಬರು ಹೋಗುವುದನ್ನು ಯಜಮಾನರು ಕಂಡು "ಇದೇನು?" ಎಂದರು. ಕೈ ಉದ್ದ ಇರುವವನಿಗೆ ಎಂದರೆ, ಗಿರಾಕಿಗಳಿಗೆ ಅವಮಾನ ಮಾಡುತ್ತೀರಾ ಎನ್ನುತ್ತಿದ್ದರು. ದೊಡ್ಡ ಗಿರಾಕಿ ಎಂದೆ. ಬಹಳ ಖುಷಿಪಟ್ಟರು. ಈಗ ಅವರ ಅಪ್ಪಣೆಯ ಮೇಲೆಯೇ ಇಬ್ಬರು ಹೋಗುತ್ತಾರೆ. ಜಗ್‌ನ ಹಿಡಿಕೆ ಯಾಕೆ ತಿರುಗುತ್ತದೆ ಎಂದೂ ಕೇಳಿದರು. ಅಡುಗೆಮನೆಯ ಕಡೆಗಿನದನ್ನು ಕೊಟ್ಟೆ, ಗೋಡೆಯ ಕಡೆಗಿನದನ್ನು ಉಳಿಸಿಕೊಂಡೆ. ನಾಲ್ವರೂ ಸರದಿಯಲ್ಲಿ ಕೂರುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಉಪಾಯ ನಿನ್ನದೆಂದು ಹೇಳಿದ್ದರೆ, ನಿನ್ನ ತಲೆಯಿಂದ ಬಂದದ್ದರಲ್ಲಿ ಏನೋ ಇದೆ ಎಂದು ಅವರು ಅಗೆದು ನೋಡುತ್ತಿದ್ದರು.

ಇನ್ನೊಂದು ವಿಷಯ. ಆ ಕುರ್ಚಿಯಲ್ಲಿ ನಾನು ಒಂದು ದಿನವೂ ಕೂತಿಲ್ಲ.

ಅದು ಯಜಮಾನರದು. ಅವರು ಬಂದಾಗ ಕೂರುವುದಕ್ಕೆ. ಬರದ ದಿನವೂ ಅದು ಅವರದೇ. ನಾನು ಅದರ ಪಕ್ಕ ನಿಲ್ಲಬೇಕು. ಅದರ ಮೆತ್ತೆಯ ಧೂಳು ಹೊಡೆಯುವವಳೂ ನಾನೇ. ಓಡಾಡುತ್ತಿದ್ದಾಗ ಕಾಲು ನೋಯುತ್ತಿತ್ತು. ಈಗ ಕಂಬದ ಹಾಗೆ ಒಂದೇ ಕಡೆ ನಿಂತು ಸೊಂಟವೂ ಹೋಯಿತು. ಎಲ್ಲರೂ ಕೂತು ಬರುವುದಕ್ಕೆ ನಾನು ಹಿಡಿಕೆ ತಿರುಗಿಸುತ್ತೇನೆ. ನನಗೆ ತಿರುಗಿಸುವವರಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಮೆತ್ತೆಯ ಬಣ್ಣ ಕೇಳಿದೆಯಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು ಅಕ್ಕಾ. ಹುಟ್ಟಿದ ಮೇಲೆ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವರು ಯಾರೂ ಇರಲಿಲ್ಲ. ನೀನೇ ಮೊದಲು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಎಂದೂ ತಿಳಿಯಬೇಡ. ತಾತನಿಗೆ ನೀನು ಬ್ರೆಡ್ಡಿನ ಅಂಚು ಕತ್ತರಿಸಿ ಕೊಟ್ಟೆ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಅದು ನನ್ನ ಕೆಲಸ. ಆ ಗಂಡ ಹೆಂಡತಿಗೆ ಸೂಪು ಕೊಟ್ಟ ಕಥೆ ಬರೆದು ನನ್ನ ಗಾಯಕ್ಕೆ ಉಪ್ಪು ಸುರಿದೆ. ಇಲ್ಲಿ ನಾನು ಯಾರಿಗೂ ಏನೂ ಕೊಡುವುದಿಲ್ಲ. ಯಾರು ತಡ, ಯಾರ ಕಾಲರ್ ಕೊಳಕು, ಅದನ್ನು ನೋಡುವುದೇ ಕೆಲಸ. ಹೋಗುವಾಗ ಗಿರಾಕಿಗಳು ಟೈಲರಮ್ಮನಿಗೆ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. ನನ್ನ ಕಡೆ ನೋಡುವುದೂ ಇಲ್ಲ. ಮೇಲೆ ಬಂದೆ ಎಂದು ಬರೆದಿದ್ದೆ. ಮೇಲೆ ಏನೂ ಇಲ್ಲ, ಫ್ಯಾನ್ ಇದೆ.

ಮನೆಯಲ್ಲಿ ಮಗಳು ಹೋಟೆಲ್ ಆಟ ಆಡುತ್ತಾಳೆ. ಗೊಂಬೆಗಳನ್ನೆಲ್ಲ ಕೂರಿಸಿ ಒಂದನ್ನು ಮಾತ್ರ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. "ಅದು ಯಾರೇ?" ಎಂದೆ. "ನೀನು" ಎಂದಳು. "ಅದನ್ನೂ ಕೂರಿಸೇ" ಎಂದರೆ, "ಅದರ ಕಾಲು ಮಡಚಲ್ಲ ಅಮ್ಮ" ಎಂದಳು.

ನಿನ್ನ,
ಗುಬ್ಬಿ


ಏಪ್ರಿಲ್ 9

ಗುಬ್ಬಿ,

ಹರಿದುಹಾಕಿಲ್ಲ. ಹರಿಯುವುದಿಲ್ಲ.

ಇಲ್ಲದ ಕುರ್ಚಿಗೆ ನಾನು ಎರಡು ತಿಂಗಳು ಹೊಟ್ಟೆ ಉರಿದುಕೊಂಡೆ. ಆ ಉರಿಯನ್ನು ಯಾರು ವಾಪಸು ಕೊಡುತ್ತಾರೆ? ಅವತ್ತು ಒಡೆದ ಆ ತಟ್ಟೆಗೆ ಸಂಬಳದಲ್ಲಿ ಹಿಡಿದರು, ಅದು ನಿನ್ನ ಪಾಪಕ್ಕೆ.

ನನ್ನ ಕೋಪ ಇಳಿದಿಲ್ಲ. ಕುರ್ಚಿಯಿಂದ ಇಳಿದು ಬೇರೆ ಕಡೆ ಕೂತಿದೆ. ನಾಲ್ವರಿಗೆ ಹಿಡಿಕೆ ತಿರುಗಿಸುತ್ತೀಯಂತೆ. ಅಷ್ಟು ಜನರಿಗೆ ನೀನು ಬೇಕಾದವಳಾಗಿದ್ದೀಯ. ಟೈಲರಮ್ಮ ಎಂಬ ಹೆಸರು ನಿನ್ನ ಕಾಗದದಲ್ಲಿ ಎಷ್ಟು ಸಲ ಬರುತ್ತದೆ ನೋಡಿದ್ದೀಯಾ? ನಾನು ನೋಡಿದ್ದೇನೆ.

ಇವತ್ತು ನಿನ್ನ ಜಾಗದವಳಿಗೆ ಮೂರನೆಯ ಗುರುತು ಕಲಿಸಿದೆ. ಅವಳು ಹಿಡಿಕೆ ತಿರುಗಿಸಿದಳು, ನಾನು ಹೋಗಿ ಎಣ್ಣೆ ಡಬ್ಬದ ಮೇಲೆ ಕೂತೆ. ಅರ್ಧ ಭಾಗದಲ್ಲೇ ಕೂತೆ, ಕರೆದರೆ ಎದ್ದು ಓಡುವ ಅಭ್ಯಾಸ.

ತಾತನ ಬ್ರೆಡ್ಡಿನ ಅಂಚನ್ನು ಇನ್ನು ಮುಂದೆಯೂ ನಾನೇ ಕತ್ತರಿಸುತ್ತೇನೆ. ಉರಿದುಕೋ.

ಗುಡುಗು


ಮೇ 2

ಅಕ್ಕಾ,

ಎಲ್ಲ ಹಾಳಾಯಿತು. ಆದರೆ ಹೇಗೆ ಹಾಳಾಯಿತು ಎಂದು ಕೇಳಿದರೆ ನೀನು ನಗುತ್ತೀಯ. ನನಗೂ ಬರೆಯುವಾಗ ನಗು ಬರುತ್ತಿದೆ.

ಯಜಮಾನ ಎಡಚ ಎಂಬುದು ನಮ್ಮಿಬ್ಬರಿಗೂ ನೆನಪಿರಲಿಲ್ಲ.

ನಿನ್ನೆ ಮಧ್ಯಾಹ್ನ ಬಂದವನೇ ಬಾಯಾರಿಕೆ ಎಂದು ಗೋಡೆ ಪಕ್ಕದ ಮೇಜಿನ ಜಗ್ ಎತ್ತಿ ತಾನೇ ನೀರು ಬಗ್ಗಿಸಿಕೊಂಡು ಕುಡಿದ. ಎಡಗೈಯಲ್ಲಿ ಎತ್ತಿದ, ಎಡಗೈಯಲ್ಲೇ ಇಟ್ಟ. ಎಡಕ್ಕೆ ಗೋಡೆ. ಹಿಡಿಕೆ ಗೋಡೆಗೆ ಮುಖ ಮಾಡಿತು. ನಾನು ಆಗ ಕೌಂಟರ್ ಹತ್ತಿರ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದೆ. ಟೈಲರಮ್ಮ ಅಡುಗೆಮನೆಯಿಂದ ಬಂದವಳು ಹಿಡಿಕೆ ನೋಡಿದಳು, ಅಬ್ಬಾ ನನ್ನ ಸರದಿ ಎಂದು ಹಿಂದೆ ಹೋಗಿ ಕೂತಳು. ಅವಳ ಹಿಂದೆ ಬಂದವಳೂ ನೋಡಿದಳು, ಅವಳೂ ಹೋದಳು. ಮೂರನೆಯವಳು, ನಾಲ್ಕನೆಯವಳು. ತನ್ನ ಟೇಬಲ್ ಯಾರೋ ನೋಡಿಕೊಳ್ಳುತ್ತಾರೆ ಎಂದು ಒಬ್ಬೊಬ್ಬಳೂ ನಂಬಿದಳು. ನಾನು ತಲೆ ಎತ್ತಿದರೆ ತುಂಬಿದ ಹಾಲ್, ನಡುವೆ ಯಜಮಾನ ಒಬ್ಬನೇ, ಕೈಯಲ್ಲಿ ಖಾಲಿ ಲೋಟ. "ರೀ, ನೀರು!" ಎಂದು ಒಬ್ಬ ಕರೆದ. "ಏನ್ರೀ, ನಿಂತು ನೋಡ್ತಿದೀರಲ್ಲ, ಪಲ್ಯ ತನ್ನಿ!" ಎಂದು ಇನ್ನೊಬ್ಬ. ಒಂದು ಮಗು ಅವನ ಅಂಗಿ ಹಿಡಿದು ಎಳೆದು "ಮಾಮ, ಚಮಚ" ಎಂದಿತು. ಅಕ್ಕಾ, ಅವನಿಗೆ ಚಮಚ ಎಲ್ಲಿದೆ ಎಂಬುದೂ ಗೊತ್ತಾಗಲಿಲ್ಲ.

ಅವನೂ ನಾನೂ ಹಿಂದೆ ಹೋಗಿ ನೋಡಿದರೆ ನಾಲ್ವರೂ ಮೂಟೆಗಳ ಮೇಲೆ ಸಾಲಾಗಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾರೆ.

"ಯಾರು ಕೂರೋಕೆ ಹೇಳಿದ್ದು?" ಎಂದು ಗರ್ಜಿಸಿದ. ಟೈಲರಮ್ಮ ಹೆದರಿ ನಿಜವನ್ನೇ ಹೇಳಿಬಿಟ್ಟಳು: "ನೀವೇ ಸಾರ್. ಹಿಡಿಕೆ ತಿರುಗಿಸಿದ್ರಲ್ಲ."

ಆಮೇಲೆ ಎಲ್ಲ ಹೊರಬಿತ್ತು. ನಾಲ್ವರನ್ನೂ ಕೆಲಸದಿಂದ ಬಿಡಿಸುತ್ತೇನೆ ಎಂದ. ಕಲಿಸಿದವಳು ನಾನು ಎಂದೆ. "ಇದು ನಿನ್ನ ತಲೇಲಿ ಹುಟ್ಟೋ ವಿಷಯ ಅಲ್ಲ, ಯಾರದು ಹೇಳು" ಎಂದ. ನನ್ನದೇ, ಮೊದಲಿಂದಲೂ ನನ್ನದೇ ಎಂದೆ. ಬರುವ ಸೋಮವಾರ ಎಲ್ಲರ ಮುಂದೆ ತಪ್ಪಾಯಿತು ಎಂದು ಹೇಳಿ, ಎದೆಯ ಮೇಲಿನ ಸೂಪರ್‌ವೈಸರ್ ಬಿಲ್ಲೆ ಬಿಚ್ಚಿಟ್ಟು ಹೋಗಬೇಕಂತೆ. ಹಾಗಾದರೆ ನಾಲ್ವರ ಕೆಲಸ ಉಳಿಯುತ್ತದಂತೆ.

ನಿನ್ನ ಹೆಸರು ಎತ್ತಿಲ್ಲ. ನೀನೂ ಎತ್ತಬೇಡ. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿರು, ನಿನ್ನ ಕಾಲಿಗೆ ಬೀಳುತ್ತೇನೆ. ಆ ಎಣ್ಣೆ ಡಬ್ಬ ನಿನಗಾದರೂ ಉಳಿಯಲಿ. ಮಗಳಿಗೆ ಇನ್ನೂ ಹೇಳಿಲ್ಲ.

ಗುಬ್ಬಿ


ಮೇ 5

ಗುಬ್ಬಿ,

ನಿನ್ನ ಕಾಗದ ಓದಿ ನಕ್ಕೆ, ನಕ್ಕು ಅತ್ತೆ, ಅತ್ತು ಬೈದೆ. ಅಷ್ಟರಲ್ಲಿ ಯಜಮಾನನೇ ಬಂದ.

ಮಧ್ಯಾಹ್ನದ ಗಲಾಟೆಯ ನಡುವೆ, ಕೈಯಲ್ಲಿ ಮೂರು ತಟ್ಟೆ ಹಿಡಿದಿದ್ದವಳನ್ನು ತಡೆದು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಮೊದಲ ಸಲ "ಅಮ್ಮಾ" ಎಂದ. "ನಿನಗೆ ಅನ್ಯಾಯ ಆಗಿದೆಯಮ್ಮ. ಹಳಬಳು ನೀನು. ಸೋಮವಾರದಿಂದ ಆ ಬ್ರಾಂಚ್ ನಿಂದು. ಕುರ್ಚಿನೂ ನಿಂದೇ, ಕೂತ್ಕೊಂಡೇ ಕೆಲಸ ಮಾಡು. ಒಂದೇ ಒಂದು ಮಾತು ಹೇಳಿಬಿಡು: ಈ ಗುರುತು ಪರುತು ಎಲ್ಲ ಅವಳದು, ಇಲ್ಲಿದ್ದಾಗ್ಲೇ ಎಲ್ಲರನ್ನೂ ಕೆಡಿಸ್ತಿದ್ಲು ಅಂತ."

ಸುಳ್ಳು ಹೇಳುವುದಿಲ್ಲ ಗುಬ್ಬಿ. ಕೆಂಪು ಮೆತ್ತೆ ಕಣ್ಣ ಮುಂದೆ ಬಂತು. ಅದರ ಮೇಲೆ ನಾನು ಕೂತದ್ದೂ, ಕೆಳಗೆ ನೀನು ತಟ್ಟೆ ಹಿಡಿದು ನಿಂತದ್ದೂ ಕಂಡಿತು. ಚೆನ್ನಾಗಿತ್ತು. ಹೂಂ ಎನ್ನಲು ಬಾಯಿ ತೆರೆದೆ. ನಿನ್ನ ಮಗಳ ಗೊಂಬೆ ಅಡ್ಡ ಬಂತು ಎಂದುಕೊಂಡೆಯಾ? ಬರಲಿಲ್ಲ. ಅಡ್ಡ ಬಂದದ್ದು "ಅವಳದು" ಎಂಬ ಮಾತು.

ಅವಳದಾ? ನನ್ನ ಊದಿದ ಕಾಲು, ನನ್ನ ಸೊಂಟ, ನನ್ನ ತಲೆ ಸೇರಿ ಹೆತ್ತದ್ದು ಅವಳದಾ? ಬಿಲ್ಲೆ ನಿನಗೆ ಹೋಯಿತು, ಮೇಡಂ ನಿನಗೆ ಹೋಯಿತು, ತಾತನ ಬಾಯಲ್ಲಿ ನಿನ್ನ ಹೆಸರು. ಈಗ ಬೈಗುಳವೂ ನಿನಗೇ ಹೋಗಬೇಕಾ? ಕೆಲಸ ಕಳೆದುಕೊಂಡು ನಾಲ್ವರ ಕಣ್ಣಲ್ಲಿ ದೊಡ್ಡವಳಾಗುವ ಭಾಗ್ಯವೂ ನಿನಗೇ ಬೇಕಾ? ನನ್ನ ಹೊಟ್ಟೆ ಎಷ್ಟೆಂದು ಉರಿಯಬೇಕು? ಸಹಿಸಲಿಕ್ಕಾಗಲಿಲ್ಲ.

"ಅದು ನಂದು!" ಎಂದೆ. ಮೆಲ್ಲಗೆ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಇಡೀ ಹಾಲ್ ತುತ್ತು ಎತ್ತುವುದನ್ನು ನಿಲ್ಲಿಸಿತು. "ಮೂರೂ ನಂದು. ಅವಳಿಗೆ ಕಲಿಸಿದೋಳು ನಾನು. ಚಮಚ ನಿಲ್ಸಿದ್ದು ದೊಡ್ಡ ಗಿರಾಕಿಗಲ್ಲ, ಹೊಲಸು ಕೈಗೆ. ಹಿಡಿಕೆ ತಿರುಗ್ಸಿದ್ದು ಕಾಲು ಮನುಷ್ಯರದು ಅಂತ. ನೀವು ಬೆಂಚು ಕೊಡಲಿಲ್ಲ, ನಾವು ಮಾಡ್ಕೊಂಡ್ವಿ. ಕೂತಿದ್ದು ಕಳ್ಳತನ ಅಂದ್ರೆ ಆ ಕಳ್ಳಿ ನಾನು, ಅವಳು ಬರೀ ನನ್ನ ಶಿಷ್ಯೆ!"

ಶಿಷ್ಯೆ ಎಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಅವನು "ನೀನೂ ಸೋಮವಾರ ಅಲ್ಲಿಗೇ ಬಾ, ಇಬ್ಬರದೂ ಒಟ್ಟಿಗೆ ಮುಗಿಸ್ತೀನಿ" ಎಂದ. ಮೂರು ತಟ್ಟೆ ಇನ್ನೂ ನನ್ನ ಕೈಯಲ್ಲೇ ಇದ್ದವು. ಆಗ ಗಡಿಯಾರದ ತಾತ ತಮ್ಮ ಟೇಬಲ್‌ನ ಎದುರು ಕುರ್ಚಿಯನ್ನು ಕಾಲಿನಿಂದ ಈಚೆಗೆ ತಳ್ಳಿದರು. "ಕೂತ್ಕೊಂಡು ಜಗಳ ಆಡು ದೊಡ್ಡಮ್ಮ, ನಿಂತು ಯಾಕೆ ಆಯಾಸ ಮಾಡ್ಕೋತೀಯ?" ಎಂದರು.

ದೊಡ್ಡಮ್ಮ ಎಂದರು ಗುಬ್ಬಿ. ಸಣ್ಣಮ್ಮ ಎಲ್ಲಿ ಎಂದು ಕೇಳಲಿಲ್ಲ. ಅದನ್ನು ಎರಡು ಸಲ ಓದು.

ಕೂತೆ. ಹಾಲ್‌ನ ನಡುವೆ, ಗಿರಾಕಿಯ ಕುರ್ಚಿಯಲ್ಲಿ, ಪೂರ್ತಿ ಕೂತೆ. ಕೂತು ನೋಡಿದರೆ ಹಾಲ್ ಬೇರೆಯೇ ಕಾಣುತ್ತದೆ. ಯಜಮಾನ ಕುಳ್ಳಗೆ ಕಾಣುತ್ತಾನೆ. ನಿನ್ನ ಜಾಗದವಳು ನನ್ನ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು ಟೇಬಲ್‌ಗಳಿಗೆ ಕೊಟ್ಟಳು. ಹೋಗುವಾಗ ಜಗ್‌ನ ಹಿಡಿಕೆಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ತಿರುಗಿಸಿದಳು.

ಈಗ ಕೇಳು. ಸೋಮವಾರ ನೀನು ತಪ್ಪಾಯಿತು ಎನ್ನಬೇಡ. ಬಿಲ್ಲೆ ಬಿಚ್ಚಬೇಡ. ನಾನೊಬ್ಬಳೇ ಬರುವುದಿಲ್ಲ. ನಮ್ಮ ಬ್ರಾಂಚಿನ ಸಪ್ಲೈಯರ್‌ಗಳೆಲ್ಲ ಬರುತ್ತೇವೆ. ಪಾತ್ರೆ ತೊಳೆಯುವವರೂ ಒಪ್ಪಿದ್ದಾರೆ. ಅಡುಗೆಯಣ್ಣ ಒಲೆ ಆರಿಸಿ ಬರುತ್ತಾನಂತೆ, "ಗುಡುಗು ಸಿಡಿಲು ಎರಡೂ ಒಂದೇ ಕಡೆ ಬೀಳೋದು ನೋಡ್ಬೇಕು" ಎನ್ನುತ್ತಾನೆ. ಡ್ರೈವರಣ್ಣ ತರಕಾರಿ ವ್ಯಾನಿನಲ್ಲಿ ಕರೆತರುತ್ತಾನೆ. ನಿನ್ನ ನಾಲ್ವರಿಗೂ ಹೇಳು, ಮುಖ್ಯವಾಗಿ ನಿನ್ನ ಆ ಟೈಲರಮ್ಮನಿಗೆ. ಅವಳು ಹೇಗಿದ್ದಾಳೆ ಎಂದು ನಾನೂ ನೋಡಬೇಕು.

ಬಂದವರೇ ಕೂಗುವುದಿಲ್ಲ, ಏನನ್ನೂ ಒಡೆಯುವುದಿಲ್ಲ. ಖಾಲಿ ಇರುವ ಕುರ್ಚಿಗಳಲ್ಲಿ ಕೂರುತ್ತೇವೆ, ಅಷ್ಟೇ. ಬೆಂಚು ಬರುವವರೆಗೆ, ನೀನೂ ನಿನ್ನ ನಾಲ್ವರೂ ಕೆಲಸದಲ್ಲಿ ಇರುತ್ತೀರಿ ಎಂದು ಅವನ ಬಾಯಿಂದ ಬರುವವರೆಗೆ ಏಳುವುದಿಲ್ಲ. ನಮ್ಮ ಕೆಲಸದ ಬೆಲೆ ಏನೆಂದು ಮಾತಿನಲ್ಲಿ ಹೇಳಿ ಸಾಕಾಗಿದೆ. ಒಂದು ಮಧ್ಯಾಹ್ನ ಅದು ಇಲ್ಲದೆ ಹೋದರೆ ಅವನಿಗೇ ಲೆಕ್ಕ ಸಿಗುತ್ತದೆ. ಚಮಚ ಎಲ್ಲಿದೆ ಎಂದು ಅವನು ಹುಡುಕಲಿ.

ಏನಾಗುತ್ತದೋ ಗೊತ್ತಿಲ್ಲ. ಕೆಲಸ ಹೋಗಬಹುದು, ಇಬ್ಬರದೂ. ಅತ್ತೆಗೆ ಹೇಳಿದೆ. "ಕೂರೋದೇ ಚಳವಳಿ ಅಂದ್ರೆ ನನ್ನನ್ನೂ ಕರ್ಕೊಂಡು ಹೋಗು, ನನಗೆ ಅದರಲ್ಲಿ ಅನುಭವ ಇದೆ" ಎಂದರು. ಕರೆತರುತ್ತಿದ್ದೇನೆ. ನೀನು ಮಗಳನ್ನು ಕರೆದುಕೊಂಡು ಬಾ. ಕಾಲು ಮಡಚುತ್ತದೆ ಎಂದು ಅವಳು ನೋಡಲಿ.

ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ, ಎಲ್ಲೂ ಹೋಗಿಲ್ಲ. ಕೆಂಪು ಮೆತ್ತೆಯ ಕುರ್ಚಿಯಲ್ಲಿ ಮೊದಲು ಕೂರುವವಳು ನಾನು. ಹಳಬಳು ನಾನು. ಆಮೇಲೆ ನೀನು, ಆಮೇಲೆ ಬೇಕಾದರೆ ಟೈಲರಮ್ಮ.

ಗೋಡೆ ಪಕ್ಕದ ಮೇಜಿನ ಜಗ್ ತುಂಬಿಸಿಡು. ಹಿಡಿಕೆಯನ್ನು ನೀನು ಮುಟ್ಟಬೇಡ. ನಾನೇ ಬಂದು ನಿನಗಾಗಿ ತಿರುಗಿಸುತ್ತೇನೆ.

ಇತಿ, ನಿನ್ನ ಗುಡುಗು.

ಸೋಮವಾರ, ಮಧ್ಯಾಹ್ನ ಒಂದು ಗಂಟೆಗೆ.